ನಾಲ್ಕನೆಯ ಸಂಖ್ಯೆಯ ದಾಂಡಿಗ

ಕ್ರಿಕೆಟ್ ಪಂದ್ಯದ ವೀಕ್ಷಕ ವಿವರಣೆಯನ್ನು ಕೇಳುತ್ತ ಕುಳಿತಾಗ, ‘ಇವನನ್ನು ಇನ್ನೂ ಮೊದಲೇ ಕಳುಹಿಸಬಾರದಾಗಿತ್ತೆ?’ ಎಂದು ನಾಯಕನಿಗೆ ಮನೆಯಿಂದಲೇ ಬುದ್ಧಿ ಹೇಳದವರು ನಮ್ಮಲ್ಲಿ ವಿರಳ. ಅಮೆರಿಕದ ಬೇಸ್‌ಬಾಲ್ ಅಭಿಮಾನಿಗಳಿಗೂ ಇದೇ ಹವ್ಯಾಸ. ಅಲ್ಲಿಯ ದೊಡ್ಡ ಲೀಗಿನ ಪಂದ್ಯವೊಂದು ಮೊತ್ತಮೊದಲು ಬಾನುಲಿಯಲ್ಲಿ ಬಿತ್ತರವಾದದ್ದು 1921ರ ಆಗಸ್ಟ್ 5ರಂದು, ಪಿಟ್ಸ್‌ಬರ್ಗ್ ನಗರದಿಂದ. ಮೈದಾನದಲ್ಲಿ ಕುಳಿತವರ ಚರ್ಚೆ ಬರಬರುತ್ತ ಮನೆಮನೆಯ ಚರ್ಚೆಯಾಯಿತು.

ಕ್ರಿಕೆಟ್ಟಿನಲ್ಲಿ ನಾಯಕನು ಆಟದ ನಡುವೆಯೂ ದಾಂಡಿಗರ ಸರದಿಯನ್ನು ಬದಲಿಸಬಲ್ಲನಷ್ಟೆ. ಬೇಸ್‌ಬಾಲಿನಲ್ಲಿ ಹಾಗಿಲ್ಲ. ಒಂಬತ್ತು ದಾಂಡಿಗರ ಸರದಿಯನ್ನು ಬರೆದ ಚೀಟಿಯನ್ನು ಆಟಕ್ಕೆ ಮುನ್ನವೇ ಅಂಪೈರನ ಕೈಗೆ ಕೊಡಬೇಕು. ಒಂಬತ್ತನೆಯವನು ಆಡಿದ ಬಳಿಕ ಮತ್ತೆ ಒಂದನೆಯವನು. ಹೀಗೆ ಚಕ್ರ ತಿರುಗುತ್ತಲೇ ಇರುತ್ತದೆ. ಒಬ್ಬನನ್ನು ತೆಗೆದು ಬೇರೊಬ್ಬನನ್ನು ಹಾಕಬಹುದು; ಆದರೆ ಹೊಸಬನು ಅದೇ ಸ್ಥಾನದಲ್ಲಿ ಆಡಬೇಕು, ತೆಗೆಯಲ್ಪಟ್ಟವನು ಆ ಪಂದ್ಯಕ್ಕೆ ಮರಳಿ ಬರುವಂತಿಲ್ಲ. ಆದ್ದರಿಂದಲೇ ಆ ಚೀಟಿಗೆ ಅಷ್ಟು ಮಹತ್ವ.

ಹಳೆಯ ಪದ್ಧತಿಯಂತೆ ಮೊದಲು ಬರುವವನು ಚುರುಕಾಗಿ ಓಡಿ ಬೇಸ್ ಸೇರಬಲ್ಲವನು. ಮೂರನೆಯ ಮತ್ತು ನಾಲ್ಕನೆಯ ಸ್ಥಾನ ಬಲಶಾಲಿಗಳದು. ಮುಂದೆ ಹೋದವರು ಬೇಸ್‌ಗಳ ಮೇಲೆ ನಿಂತಿದ್ದರೆ ಇವರ ಒಂದೇ ಹೊಡೆತಕ್ಕೆ ಹಲವು ರನ್ನುಗಳು ಬಂದಾವೆಂಬುದು ಲೆಕ್ಕಾಚಾರ. ಇದನ್ನು ಒಪ್ಪದವರ ವಾದವೂ ಹಗುರವಾದುದಲ್ಲ. ಸರದಿಯಲ್ಲಿ ಒಂದೊಂದು ಮೆಟ್ಟಿಲು ಇಳಿದಂತೆ ಆಡುವ ಅವಕಾಶ ಕಡಿಮೆಯಾಗುತ್ತದೆ. 154 ಪಂದ್ಯಗಳ ಋತುವಿನಲ್ಲಿ ಒಂದು ಸ್ಥಾನಕ್ಕೆ ಸುಮಾರು 17 ಸರದಿಗಳ ನಷ್ಟ. ಹಾಗಿದ್ದರೆ ಎಲ್ಲರಿಗಿಂತ ಸಮರ್ಥನಾದವನನ್ನು ಮೊದಲೇ ಏಕೆ ಕಳುಹಿಸಬಾರದು? ಇಂದು ಅನೇಕ ತಂಡಗಳು ತಮ್ಮ ಶ್ರೇಷ್ಠ ದಾಂಡಿಗನನ್ನು ಎರಡನೆಯ ಸ್ಥಾನದಲ್ಲಿ ಆಡಿಸುತ್ತಿರುವುದು ಈ ವಾದಕ್ಕೆ ಸಂದ ಜಯವೆನ್ನಬೇಕು.

ಈ ಸರದಿಗೆ 1929ರಲ್ಲಿ ಕಣ್ಣಿಗೆ ಕಾಣುವ ರೂಪ ಬಂದಿತು. ಆ ವರ್ಷ ನ್ಯೂಯಾರ್ಕ್ ಯಾಂಕೀಸ್ ತಂಡ ತನ್ನ ಆಟಗಾರರ ಬೆನ್ನಿನ ಮೇಲೆ ದಾಂಡಿಗರ ಸರದಿಯಂತೆಯೇ ಸಂಖ್ಯೆಗಳನ್ನು ಹಾಕಿಸಿತು. ಮೂರನೆಯವನಾದ ಬೇಬ್ ರೂತ್‌ಗೆ 3. ನಾಲ್ಕನೆಯವನಾದ ಲೂ ಗೆರಿಗ್‌ಗೆ 4.

ಈ ಗೆರಿಗ್‌ನ ಕಥೆಯನ್ನು ನೀವು ಕೇಳಬೇಕು. 1925ರ ಜೂನ್ 1ರಿಂದ ಮೊದಲ್ಗೊಂಡು ಹದಿನಾಲ್ಕು ವರ್ಷಗಳ ಕಾಲ ಆತ ತಂಡದ ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ. ಹೀಗೆ ಎಡೆಬಿಡದೆ ಆಡಿದ ಪಂದ್ಯಗಳು 2,130. 1938ರಲ್ಲಿ ಅವನ ಹೊಡೆತಗಳಲ್ಲಿ ಹಿಂದಿನ ಕಸುವು ಕಾಣಲಿಲ್ಲ. 1939ರ ಮೊದಲ ಎಂಟು ಪಂದ್ಯಗಳಲ್ಲಿ 28 ಪ್ರಯತ್ನಗಳಿಗೆ ದಕ್ಕಿದ ಸಫಲ ಹೊಡೆತಗಳು ನಾಲ್ಕೇ. ‘ಇವನನ್ನು ಇನ್ನೂ ಏಕೆ ಆಡಿಸುತ್ತಾರೆ?’ ಎಂಬ ಪ್ರಶ್ನೆ ಈ ಅಂಕಿಗಳನ್ನು ನೋಡಿದ ಯಾರಿಗಾದರೂ ಏಳುವುದು ಸಹಜ.

ಆದರೂ ಮ್ಯಾನೇಜರ್ ಜೋ ಮೆಕಾರ್ಥಿ ಅವನ ಹೆಸರನ್ನು ಹೊಡೆದುಹಾಕಲಿಲ್ಲ. ಆ ಕೆಲಸವನ್ನು ಗೆರಿಗ್ ತಾನೇ ಮಾಡಿದನು. 1939ರ ಮೇ 2ರಂದು ಡಿಟ್ರಾಯಿಟ್ ನಗರದಲ್ಲಿ, ತಂಡದ ಹಿತಕ್ಕಾಗಿ ತನ್ನನ್ನು ಬಿಡಬೇಕೆಂದು ಮೆಕಾರ್ಥಿಗೆ ತಿಳಿಸಿದನು. ತಂಡದ ನಾಯಕನಾಗಿದ್ದ ಅವನೇ, ತನ್ನ ಹೆಸರಿಲ್ಲದ ಸರದಿಯ ಚೀಟಿಯನ್ನು ಅಂಪೈರನಿಗೆ ಒಯ್ದು ಕೊಟ್ಟನು. ಧ್ವನಿವರ್ಧಕದಲ್ಲಿ ಈ ಸುದ್ದಿಯನ್ನು ಸಾರಿದಾಗ ಎದುರಾಳಿ ಊರಿನ ಪ್ರೇಕ್ಷಕರೇ ಅವನಿಗೆ ಚಪ್ಪಾಳೆ ತಟ್ಟಿ ಗೌರವ ತೋರಿದರು. ಅಂದು ಅವನ ಜಾಗದಲ್ಲಿ ಆಡಿದವನು ಬೇಬ್ ಡಾಲ್‌ಗ್ರೆನ್. ಯಾಂಕೀಸ್ ತಂಡ 22–2ರಿಂದ ಗೆದ್ದಿತು.

ರನ್ನುಗಳ ಲೆಕ್ಕ ನೋಡಿದರೆ ಬದಲಾವಣೆ ಸರಿಯೇ ಆಯಿತು. ಆದರೆ ಲೆಕ್ಕದ ಹಿಂದಿನ ಕಾರಣ ಹೊರಬಿದ್ದದ್ದು ಜೂನ್ ತಿಂಗಳಲ್ಲಿ. ನರಗಳನ್ನು ಕ್ಷೀಣಗೊಳಿಸಿ ಸ್ನಾಯುಗಳ ಬಲವನ್ನು ಕ್ರಮೇಣ ಕಸಿದುಕೊಳ್ಳುವ, ಗುಣಕಾಣದ ರೋಗ ಅವನಿಗೆ ತಗಲಿತ್ತೆಂದು ಮೇಯೊ ಚಿಕಿತ್ಸಾಲಯದ ವೈದ್ಯರು ಕಂಡುಹಿಡಿದರು. 1941ರ ಜೂನ್ 2ರಂದು, ಮೂವತ್ತೆಂಟು ತುಂಬುವ ಮೊದಲೇ, ಗೆರಿಗ್ ತೀರಿಕೊಂಡನು. ಅವನ ಸತತ ಪಂದ್ಯಗಳ ದಾಖಲೆ 1995ರವರೆಗೆ ಉಳಿಯಿತು. ಆ ವರ್ಷ ಕ್ಯಾಲ್ ರಿಪ್ಕೆನ್ ಅದನ್ನು ದಾಟಿದನು. 4ನೆಯ ಸಂಖ್ಯೆಯನ್ನು ಮಾತ್ರ ಯಾಂಕೀಸ್ ತಂಡ ಮತ್ತಾರಿಗೂ ಕೊಡಲಿಲ್ಲ.

ಅಭಿಮಾನಿಯ ಲೆಕ್ಕ ಸುಳ್ಳೆಂದು ಇದರಿಂದ ತಿಳಿಯಬೇಕಿಲ್ಲ. ಗೆರಿಗ್‌ನ ಶಕ್ತಿ ಕುಂದಿದೆಯೆಂಬುದನ್ನು ಅಂಕಿಗಳು ಸರಿಯಾಗಿಯೇ ಹೇಳಿದ್ದವು. ಏಕೆ ಕುಂದಿತೆಂಬುದನ್ನು ಹೇಳಲಾರದೆ ಹೋದವು. ದಿನವೂ ಅವನ ಮುಖ ನೋಡುತ್ತಿದ್ದ ಮೆಕಾರ್ಥಿಗಿದ್ದ ಸಂಕಟ ರೇಡಿಯೋದ ಮುಂದೆ ಕುಳಿತವರಿಗೆ ಇರಲಿಲ್ಲ. ಮುಂದಿನ ಪಂದ್ಯದಲ್ಲಿ ನಿಮ್ಮ ನಾಯಕನು ಮಾಡಿದ ಸರದಿಯನ್ನು ನೀವು ಧಾರಾಳವಾಗಿ ಟೀಕಿಸಿರಿ. ಆಟ ಕೇಳುವ ಸೊಗಸಿನಲ್ಲಿ ಅರ್ಧ ಪಾಲು ಅದರದೇ. ಟೀಕೆಗೆ ಗುರಿಯಾದ ಆಟಗಾರನ ಬಗೆಗೆ ನಾಲ್ಕು ಮಾತು ಆಡುವಾಗ ಮಾತ್ರ, ವಿವರಣೆಗಾರನ ಬಾಯಿಗೆ ಬಾರದ ಸಂಗತಿಯೂ ಇದ್ದೀತೆಂದು ಕೊಂಚ ಎಡೆಯಿಟ್ಟು ಮಾತನಾಡಿರಿ.