ತುಕ್ಕು, ಅರಗು ಮತ್ತು ಡ್ಯೂಕೊ

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ತೀರ್ಥಹಳ್ಳಿಯಲ್ಲಿ ಮೇಷ್ಟ್ರಾಗಿದ್ದಾಗ ಹಳೆಯದೊಂದು ಅಂಬಾಸಿಡರ್ ಕಾರನ್ನು ಕೊಂಡಿದ್ದೆ. ಬಾಗಿಲಿನ ಕೆಳಅಂಚಿನಲ್ಲಿ ಬಣ್ಣ ಗುಳ್ಳೆಯೆದ್ದಿತ್ತು. ಮಗಳ ಮದುವೆ ಹತ್ತಿರವಿದ್ದುದರಿಂದ ನಾನೇ ಮೇಲಿಂದ ಮೇಲೆ ಉಜ್ಜಿ ಬಿಳಿಯ ಬಣ್ಣ ಬಳಿದೆ. ಮದುವೆಯ ದಿನ ಕಾರು ಹೊಸದರಂತೆ ಹೊಳೆಯಿತು. ಆದರೆ ಮಲೆನಾಡಿನ ಮಳೆ ಸುರಿದು ಹೋಗುವಷ್ಟರಲ್ಲಿ ಅದೇ ಜಾಗದಲ್ಲಿ ಬೆರಳು ತೂರುವಷ್ಟು ತೂತು!

ಟಿಂಕರಿಂಗ್ ಮಾಡುವ ಹಿರಿಯರು ನೋಡಿ, "ಮೇಷ್ಟ್ರೇ, ನೀವು ತುಕ್ಕನ್ನು ಮುಚ್ಚಿದಿರಿ, ತೆಗೆಯಲಿಲ್ಲ" ಎಂದರು. ಕಬ್ಬಿಣವು ತೇವ ಮತ್ತು ಆಮ್ಲಜನಕದೊಡನೆ ಸೇರಿ ತುಕ್ಕಾಗುತ್ತದೆ, ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಬಣ್ಣವನ್ನು ಎಬ್ಬಿಸುತ್ತದೆ ಎಂದು ಮಕ್ಕಳಿಗೆ ಪಾಠ ಹೇಳುತ್ತಿದ್ದವನು ನಾನೇ. ನಾಚಿಕೆಯಾಯಿತು.

ಅವರು ಕೊಳೆತ ತಗಡನ್ನು ಕತ್ತರಿಸಿ ಹೊಸದನ್ನು ಬೆಸೆದರು. ಸುತ್ತಲಿನ ಲೋಹ ಬೆಳ್ಳಗಾಗುವವರೆಗೆ ಉಜ್ಜಿ, ರೆಡ್ ಆಕ್ಸೈಡ್ ಪ್ರೈಮರ್ ಹಚ್ಚಿ, ಪುಟ್ಟಿ ತುಂಬಿ, ಉಪ್ಪು ಕಾಗದದಿಂದ ನಯಗೊಳಿಸಿದರು. "ಇನ್ನು ಡ್ಯೂಕೊ ಹೊಡೆಯೋಣ" ಎಂದರು. ಆ ಪದದ ಬೆನ್ನು ಹತ್ತಿದಾಗ ಸ್ವಾರಸ್ಯಕರವಾದ ಇತಿಹಾಸವೇ ತೆರೆದುಕೊಂಡಿತು.

ಮೊದಮೊದಲಿನ ಕಾರುಗಳಿಗೆ ಸಾರೋಟುಗಳಂತೆಯೇ ಕುಂಚದಿಂದ ಪದರ ಪದರವಾಗಿ ವಾರ್ನಿಷ್ ಬಳಿಯುತ್ತಿದ್ದರು. ಅದು ಒಣಗಲು ವಾರಗಳೇ ಹಿಡಿಯುತ್ತಿದ್ದವು. ಹೆನ್ರಿ ಫೋರ್ಡರ ಮಾಡೆಲ್ ಟಿ ಕಾರು 1914ರಿಂದ 1925ರವರೆಗೆ ಕಪ್ಪು ಬಣ್ಣದಲ್ಲಷ್ಟೇ ದೊರೆಯುತ್ತಿತ್ತು. ಅಗ್ಗವೂ ಬಾಳಿಕೆಯದೂ ಆದ ಬಣ್ಣ ಅದಾಗಿತ್ತು. 1920ರ ದಶಕದಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯು ನೈಟ್ರೋಸೆಲ್ಯುಲೋಸಿನಿಂದ 'ಡ್ಯೂಕೊ' ಎಂಬ ಲ್ಯಾಕರ್ ತಯಾರಿಸಿತು. 1924ರ ಮಾದರಿಯ ಓಕ್‌ಲೆಂಡ್ ಕಾರುಗಳು ಅದನ್ನು ಧರಿಸಿ ನೀಲಿಯಾಗಿ ಹೊರಬಂದವು. ವಾರಗಳ ಕೆಲಸ ಗಂಟೆಗಳಿಗಿಳಿಯಿತು. ಆ ವ್ಯಾಪಾರನಾಮವೇ ನಮ್ಮ ಗ್ಯಾರೇಜುಗಳಲ್ಲಿ ಕಾರಿನ ಬಣ್ಣಕ್ಕೆಲ್ಲ ಹೆಸರಾಗಿ ನಿಂತಿತು.

'ಲ್ಯಾಕರ್' ಪದದ ಬೇರು ನಮ್ಮ ಸಂಸ್ಕೃತದ 'ಲಾಕ್ಷಾ', ಅಂದರೆ ಅರಗು. ಡ್ಯೂಕೊದಲ್ಲಿ ಅರಗಿಲ್ಲ, ಹೆಸರಷ್ಟೇ ಉಳಿದಿದೆ. ಅರಗನ್ನೇ ನಂಬಿ 1937ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಮೈಸೂರಿನಲ್ಲೊಂದು ಬಣ್ಣದ ಕಾರ್ಖಾನೆ ಹುಟ್ಟಿತು. ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ಇಂದಿಗೂ ಅಲ್ಲಿಂದಲೇ ಬರುತ್ತದೆ.

ಹೊಳಪಿನ ಸಮಸ್ಯೆಯನ್ನು ಡ್ಯೂಕೊ ಬಿಡಿಸಿತೇ ಹೊರತು ತುಕ್ಕಿನದನ್ನಲ್ಲ. ಅದಕ್ಕೆ ದೊಡ್ಡ ಉತ್ತರ ದೊರೆತದ್ದು 1960ರ ದಶಕದಲ್ಲಿ. ಕಾರಿನ ಒಡಲನ್ನೇ ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹರಿಸಿದರೆ, ಕುಂಚ ತಲುಪದ ಸಂದುಗೊಂದಿಗಳಿಗೂ ಪ್ರೈಮರ್ ಅಂಟಿಕೊಳ್ಳುತ್ತದೆ. ಇಂದಿನ ಕಾರುಗಳು ನಮ್ಮ ಹಳೆಯ ಕಾರುಗಳಿಗಿಂತ ತಡವಾಗಿ ತುಕ್ಕು ಹಿಡಿಯುವುದಕ್ಕೆ ಕಣ್ಣಿಗೆ ಕಾಣದ ಈ ಮೊದಲ ಪದರವೂ ಒಂದು ಮುಖ್ಯ ಕಾರಣ.

ಆ ಹಿರಿಯರು ಹಚ್ಚಿದ ರೆಡ್ ಆಕ್ಸೈಡಿನಲ್ಲಿರುವುದೂ ಕಬ್ಬಿಣದ ಆಕ್ಸೈಡೇ, ತುಕ್ಕಿನ ದಾಯಾದಿ! ಆ ಬಾಗಿಲು ನಾನು ಕಾರು ಮಾರುವವರೆಗೂ ಮತ್ತೆ ಗುಳ್ಳೆಯೇಳಲಿಲ್ಲ. ಅಂದಿನಿಂದ, ತಪ್ಪು ಮಾಡಿದ ವಿದ್ಯಾರ್ಥಿಯ ಉತ್ತರವನ್ನು ಮೇಲಿಂದ ತಿದ್ದಿ ಸುಮ್ಮನಾಗದೆ, ತಪ್ಪು ಎಲ್ಲಿಂದ ಶುರುವಾಯಿತೆಂದು ಅವನನ್ನೇ ಕೇಳುವ ಅಭ್ಯಾಸ ನನಗಾಯಿತು.