ಕರಬೂಜದ ನೆಂಟ ಮಂಗಳೂರು ಸೌತೆ

ಶ್ರೀರಾಮನವಮಿ ಹತ್ತಿರವಾದಂತೆ ಬಿನ್ನಿಪೇಟೆಯ ಬೀದಿಗಳಲ್ಲಿ ಕರಬೂಜದ ತಳ್ಳುಗಾಡಿಗಳು ಕಾಣಿಸಿಕೊಳ್ಳುತ್ತವೆ. ಪಾನಕಕ್ಕೆ ಹಣ್ಣು ಹೆಚ್ಚಿದ ಮೇಲೆ ಬೀಜ ಬಿಸಾಡಲು ಮನಸ್ಸಾಗದೆ ಹಿತ್ತಲಿಗೋ ತಾರಸಿಯ ಕುಂಡಕ್ಕೋ ಹಾಕುವವರುಂಟು. ಬಳ್ಳಿ ಹಬ್ಬುತ್ತದೆ, ಕಾಯಿಯೂ ಕಚ್ಚುತ್ತದೆ; ಹಣ್ಣು ಮಾತ್ರ ಸಪ್ಪೆ. ಆಗ ಅಪವಾದ ಬರುವುದು ಪಕ್ಕದ ಸೌತೆಬಳ್ಳಿಯ ಮೇಲೆ.

ಈ ಆರೋಪದಲ್ಲಿ ಅರ್ಧ ಮಾತ್ರ ನಿಜ. ಕೋಸಂಬರಿಗೆ ಹೆಚ್ಚುವ ಸೌತೆ ಬೇರೆಯೇ ಪ್ರಭೇದ. ಅದು ಕರಬೂಜದೊಡನೆ ಕೂಡುವುದಿಲ್ಲ. ಹುಳಿಗೆ ಹಾಕುವ ಮಂಗಳೂರು ಸೌತೆಯ ಕಥೆ ಹಾಗಲ್ಲ. ಅದು ಹೆಸರಿಗಷ್ಟೇ ಸೌತೆ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಅದೂ ಕರಬೂಜವೂ 'ಕುಕುಮಿಸ್ ಮೆಲೊ' ಎಂಬ ಒಂದೇ ಕುಲದ ಕುಡಿಗಳು.

ಒಂದೇ ಕುಲವಾದರೂ ಎರಡೂ ನಡೆದು ಬಂದ ದಾರಿ ಬೇರೆ. ಕರಬೂಜ ಎಂಬ ಮಾತೇ ಪಾರಸಿಯದು. ಮಧ್ಯ ಏಷ್ಯಾದ ಸಿಹಿ ಹಣ್ಣನ್ನು ಮರೆಯಲಾಗದ ಬಾಬರ್, ಒಂದು ಕರಬೂಜವನ್ನು ಕತ್ತರಿಸುವಾಗ ಕಣ್ಣೀರಿಟ್ಟುದಾಗಿ ತಾನೇ ಬರೆದುಕೊಂಡಿದ್ದಾನೆ. ಆಗ್ರಾದ ತನ್ನ ತೋಟದಲ್ಲಿ ಅದನ್ನು ಬೆಳೆಸಿಯೂ ನೋಡಿದ. ಮಂಗಳೂರು ಸೌತೆಗೆ ಇಂಥ ರಾಜವೈಭವವಿಲ್ಲ. ಬೇಸಿಗೆಯಲ್ಲಿ ಬೆಳೆದ ಕಾಯಿಯನ್ನು ಕರಾವಳಿಯವರು ಮನೆಯ ಮಾಡಿಗೆ ಕಟ್ಟಿ ನೇತುಹಾಕಿದರೆ, ತರಕಾರಿ ಸಿಗದ ಮಳೆಗಾಲವನ್ನು ಅದು ದಾಟಿಸುತ್ತಿತ್ತು. ಸಿಹಿಗಿಂತ ಬಾಳಿಕೆಯೇ ಅದರ ಗುಣ. ಮುಂದಿನ ವರ್ಷದ ಬೀಜವನ್ನು ಬೂದಿಯಲ್ಲಿ ಹೊರಳಿಸಿಯೋ ಸಗಣಿಯೊಡನೆ ಗೋಡೆಗೆ ತಟ್ಟಿಯೋ ಕಾಪಾಡುತ್ತಿದ್ದವರು ಹೆಚ್ಚಾಗಿ ಹೆಂಗಸರು.

ಬಿನ್ನಿಪೇಟೆಯಲ್ಲಿ ಈ ಬೀಜ ಉಳಿಸುವುದು ಸುಲಭವಲ್ಲ. 1884ರಲ್ಲಿ ಆರಂಭವಾದ ಬಟ್ಟೆ ಗಿರಣಿಯನ್ನು ಬಿನ್ನಿ ಕಂಪೆನಿ ವಹಿಸಿಕೊಂಡದ್ದರಿಂದ ಪೇಟೆಗೆ ಈ ಹೆಸರು ಬಂತು. ಗಿರಣಿ ಮುಚ್ಚಿದೆ, ಆ ನೆಲದಲ್ಲೀಗ ಬಹುಮಹಡಿ ಕಟ್ಟಡಗಳು. ಮನೆಗೆ ಮನೆ ತಾಗಿದ ಇಲ್ಲಿ ಜೇನುನೊಣಕ್ಕೆ ಕಾಂಪೌಂಡಿನ ಹಂಗಿಲ್ಲ. ಪಕ್ಕದ ಮನೆಯ ಮಂಗಳೂರು ಸೌತೆಯ ಪರಾಗ ನಮ್ಮ ಕರಬೂಜಕ್ಕೆ ಬಿದ್ದರೂ ಈ ವರ್ಷದ ಹಣ್ಣಿನ ರುಚಿ ಬದಲಾಗದು. ಬೆರಕೆ ಕಾಣುವುದು ಅದರ ಬೀಜ ಬಿತ್ತಿದಾಗ, ಅತ್ತ ಹುಳಿಗೂ ಇತ್ತ ಪಾನಕಕ್ಕೂ ಸಲ್ಲದ ಕಾಯಿಯಾಗಿ.

ಹಾಗಾದರೆ ಮೊದಲ ಸಲವೇ ಹಣ್ಣು ಸಪ್ಪೆಯಾದದ್ದೇಕೆ? ಅಂಗಡಿಯ ಹಣ್ಣು ಬಹುಪಾಲು ಸಂಕರ ತಳಿಯದು. ಅದರ ಬೀಜ ತಾಯಿಯ ಗುಣವನ್ನು ಹಾಗೆಯೇ ಕೊಡುವುದಿಲ್ಲ. ಹಣ್ಣಾಗುವ ಹೊತ್ತಿನಲ್ಲಿ ನೀರು ಹೆಚ್ಚಾದರೂ ಸಿಹಿ ಇಳಿಯುತ್ತದೆ. 1967ರಲ್ಲಿ ಆರಂಭವಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹೆಸರಘಟ್ಟದಲ್ಲಿ ಆರಿಸಿ ರೂಪಿಸಿದ ಅರ್ಕಾ ರಾಜಹಂಸ್, ಅರ್ಕಾ ಜೀತ್ ಕರಬೂಜಗಳು ಸಂಕರವಲ್ಲ. ಅವುಗಳ ಬೀಜವನ್ನು ಮನೆಯಲ್ಲೇ ಉಳಿಸಿಕೊಳ್ಳಬಹುದು.

ಅದಕ್ಕೆ ಕೊಂಚ ತಾಳ್ಮೆ ಬೇಕು. ಮರುದಿನ ಅರಳಲಿರುವ ಒಂದು ಗಂಡು ಮೊಗ್ಗಿಗೂ ಬುಡದಲ್ಲಿ ಹೀಚಿರುವ ಒಂದು ಮೊಗ್ಗಿಗೂ ಸಂಜೆಯೇ ಬಟ್ಟೆಯ ಚೀಲ ಕಟ್ಟಬೇಕು. ಬೆಳಗ್ಗೆ ಗಂಡು ಹೂವಿನ ಪರಾಗವನ್ನು ಹೀಚಿನ ಹೂವಿಗೆ ಸವರಿ ಮತ್ತೆ ಚೀಲ ಕಟ್ಟಿ, ಆ ಕಾಯಿಗೆ ದಾರದ ಗುರುತು ಹಾಕಬೇಕು. ಚಪ್ಪರಕ್ಕೆ ಹಬ್ಬಿಸಿದ್ದರೆ ಕಾಯಿಗೊಂದು ಜೋಳಿಗೆಯೂ ಬೇಕು. ಬಳ್ಳಿಗೆ ಕಾಯಿ ಭಾರವೇ ಎಂಬ ಗಾದೆ ಕರಬೂಜಕ್ಕೆ ಪೂರ್ತಿ ಒಪ್ಪುವುದಿಲ್ಲ. ಹಣ್ಣಾದೊಡನೆ ಅದು ತಾನಾಗಿಯೇ ತೊಟ್ಟು ಕಳಚಿ ಬೀಳುತ್ತದೆ.