ಕೃಷ್ಣ ದುಡ್ಡು ಕಟ್ತಾನೆ, ದ್ರೌಪದಿ ದುಡೀತಾಳೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕ ಅಂದ್ರೆ ರಾತ್ರಿಯಿಡೀ ಹಾಡು. ನಮ್ಮ ಒಪೆರಾ ಅದೇ ಅನ್ನಿ. ಕೃಷ್ಣ, ದುರ್ಯೋಧನ ಎಲ್ಲ ಊರಿನವರೇ. ಪಾತ್ರಕ್ಕೆ ಕೈಯಿಂದ ದುಡ್ಡು ಕಟ್ಟುತ್ತಾರೆ. ದುಡ್ಡಿಗೆ ಬರುವವರು ಹಾರ್ಮೋನಿಯಂ ಮೇಷ್ಟ್ರು ಮತ್ತು ದ್ರೌಪದಿ.

ಇದೇ ಜಿಲ್ಲೆಯಲ್ಲಿ 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಲ್ಲಿ ಮೊದಮೊದಲು ಹೆಣ್ಣುವೇಷವೂ ಗಂಡಸರದ್ದೇ. ವೀರಣ್ಣನವರ ಕಾಲಕ್ಕೆ ಬಿ. ಜಯಮ್ಮನಂಥವರು ಬಂದರು. ಆರ್. ನಾಗರತ್ನಮ್ಮನವರಂತೂ 1958ರಲ್ಲಿ ಬೆಂಗಳೂರಿನಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ, ಕಂಸನ ಮೀಸೆಯನ್ನೂ ತಾವೇ ಅಂಟಿಸಿಕೊಂಡರು! ಪದ್ಮಶ್ರೀ ಬಂದದ್ದು 2012ರಲ್ಲಿ, ಅವರು ತೀರಿಕೊಂಡ ವರ್ಷ.

ಕಂಪನಿಯಲ್ಲಿ ಊಟ, ವಸತಿಯಾದರೂ ಇತ್ತು. ಈಗಿನ ದ್ರೌಪದಿ ಬೆಳಗಿನ ಜಾವ ಬಣ್ಣ ಒರೆಸಿಕೊಂಡು ಮೊದಲ ಬಸ್ಸು ಹಿಡಿಯಬೇಕು. ಪಿಎಫ್ ಮಾತೇ ಇಲ್ಲ. ಗಂಟಲು ಕಟ್ಟಿದರೆ ಅವತ್ತಿನ ಕಾಸು ಹೋಯಿತು.